ಲೇಬಲಿನಲ್ಲಿಲ್ಲದ ಗಿಟಾರ್: ಎಡ್ಡಿ ಲ್ಯಾಂಗ್‌ನ ಪಕ್ಕವಾದ್ಯದ ಬಗ್ಗೆ ಒಂದು ಟಿಪ್ಪಣಿ

ಎಡ್ಡಿ ಲ್ಯಾಂಗ್ ಕುರಿತು ಬರೆಯುವವರು ಸಾಮಾನ್ಯವಾಗಿ ಅವನ ಹೆಸರು ಹೊತ್ತು ಬಂದ ಗ್ರಾಮಫೋನ್ ತಟ್ಟೆಗಳಿಂದ ಶುರುಮಾಡುತ್ತಾರೆ. ಅದರಲ್ಲಿ ಅನುಕೂಲವಿದೆ. ಹೆಸರಿದೆ, ತಾರೀಖಿದೆ, ಹಿಂದೆ ಒಂದು ಪಿಯಾನೊ ಇದ್ದರೂ ಕಿವಿಯೆಲ್ಲ ಗಿಟಾರಿನ ಮೇಲೇ ನಿಲ್ಲುತ್ತದೆ. ಆದರೆ ನ್ಯೂಯಾರ್ಕಿನ ಸ್ಟುಡಿಯೊಗಳಲ್ಲಿ ಅವನ ದಿನದ ಅನ್ನ ಹುಟ್ಟಿದ್ದು ಬೇರೆ ಕೆಲಸದಿಂದ. ಇನ್ನೊಬ್ಬರು ಹಾಡುವಾಗ, ಇನ್ನೊಬ್ಬರು ಊದುವಾಗ ಪಕ್ಕದಲ್ಲಿ ಕೂತು ನುಡಿಸುವುದು ಅವನ ಕಸುಬು. ಆ ತಟ್ಟೆಗಳ ಲೇಬಲಿನಲ್ಲಿ ಬಹುಪಾಲು ಅವನ ಹೆಸರೇ ಇಲ್ಲ. ಜಾಝ್ ಸಂಗೀತದಲ್ಲಿ ಗಿಟಾರಿಗೊಂದು ಸ್ಥಾನ ದೊರಕಿಸಿಕೊಟ್ಟವರಲ್ಲಿ ಲ್ಯಾಂಗ್ ಮೊದಲಿಗ ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಆ ಸ್ಥಾನ ಸಿಕ್ಕಿದ್ದು ಪಕ್ಕವಾದ್ಯದ ದಾರಿಯಿಂದ ಎಂಬುದಷ್ಟೇ ಇಲ್ಲಿ ನನ್ನ ವಾದ.

ಅವನ ಹುಟ್ಟುಹೆಸರು ಸಾಲ್ವಟೋರ್ ಮಸ್ಸಾರೊ. ಹುಟ್ಟಿದ್ದು 1902ರ ಅಕ್ಟೋಬರ್ 25ರಂದು, ಫಿಲಡೆಲ್ಫಿಯಾದಲ್ಲಿ. ತಂದೆ ಇಟಲಿಯ ಮೊಲೀಸೆ ಸೀಮೆಯ ಮೊಂತೆರೊದೂನಿ ಎಂಬ ಊರಿನಿಂದ ವಲಸೆ ಬಂದವನು. ಗಿಟಾರ್, ಮ್ಯಾಂಡೊಲಿನ್ ಮುಂತಾದ ತಂತಿವಾದ್ಯಗಳನ್ನು ತಯಾರಿಸುತ್ತಿದ್ದ. ಮನೆಯಲ್ಲಿ ಗಿಟಾರ್ ಕೈಗೆಟುಕುವಂತಿದ್ದರೂ ಹುಡುಗನಿಗೆ ಕಲಿಸಿದ್ದು ಪಿಟೀಲು. ಇಟಲಿಯ ಪದ್ಧತಿಯಂತೆ ವಾದ್ಯದ ಜೊತೆಗೆ ಸ್ವರಗಳನ್ನು ಬಾಯಲ್ಲಿ ಹೇಳುವ ಅಭ್ಯಾಸವೂ ನಡೆಯಿತು. ಈ ಹಿನ್ನೆಲೆಯನ್ನು ಚರಿತ್ರೆಕಾರರು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅದು ಅಷ್ಟು ಸಣ್ಣದಾಗಿ ಕಾಣುವುದಿಲ್ಲ. ಮುಂದೆ ಗಿಟಾರ್ ಹಿಡಿದಾಗಲೂ ಅವನು ತಂತಿಗಳನ್ನು ಒಟ್ಟಿಗೆ ಬಾರಿಸುವ ಮೊದಲು ಒಂದು ರಾಗರೇಖೆಯನ್ನು ಯೋಚಿಸುತ್ತಿದ್ದ ಎಂಬುದು ಅವನ ಪ್ರತಿ ತಟ್ಟೆಯಲ್ಲೂ ಕೇಳುತ್ತದೆ. ಬ್ಯಾಂಜೊದಿಂದ ನೇರ ಗಿಟಾರಿಗೆ ಬಂದ ಅವನ ಸಮಕಾಲೀನರಲ್ಲಿ ಈ ಗುಣ ಅಪರೂಪ. ಎಡ್ಡಿ ಲ್ಯಾಂಗ್ ಎಂಬ ಹೆಸರನ್ನು ಅವನು ತಾನು ಮೆಚ್ಚಿದ್ದ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನಿಂದ ಎರವಲು ಪಡೆದ.

ಶಾಲೆಯಲ್ಲಿ ಜೊತೆಗಿದ್ದವನು ಜೋ ವೆನುಟಿ. ಅವನೂ ಪಿಟೀಲುಗಾರ, ಅವನೂ ಇಟಲಿ ಮೂಲದವನು. ತಾವಿಬ್ಬರೂ ಪೋಲ್ಕಾ, ಮಜುರ್ಕಾ ಕುಣಿತದ ಮಟ್ಟುಗಳನ್ನು ನುಡಿಸುತ್ತಿದ್ದೆವು, ಮೋಜಿಗೆಂದು ಅವನ್ನೇ ನಾಲ್ಕು ಎಣಿಕೆಯ ತಾಳಕ್ಕೆ ತಿರುಗಿಸಿದೆವು, ಮೆಲ್ಲಗೆ ನಮ್ಮದೇ ಕಲ್ಪನೆಗಳು ನಡುವೆ ನುಸುಳಿದವು ಎಂದು ವೆನುಟಿ ಬಹಳ ವರ್ಷಗಳ ನಂತರ ನೆನೆದ. ಈ ಸಾಕ್ಷಿಯ ಬಗ್ಗೆ ಒಂದು ಎಚ್ಚರಿಕೆ ಬೇಕು. ವೆನುಟಿ ಪ್ರಸಿದ್ಧ ಕುಚೇಷ್ಟೆಗಾರ; ತಾನು ಅಟ್ಲಾಂಟಿಕ್ ದಾಟುತ್ತಿದ್ದ ಹಡಗಿನಲ್ಲಿ ಹುಟ್ಟಿದವನೆಂದು ಒಬ್ಬರಿಗೆ, ಫಿಲಡೆಲ್ಫಿಯಾದವನೆಂದು ಇನ್ನೊಬ್ಬರಿಗೆ ಹೇಳಿದವನು. ಊರು, ಇಸವಿಗಳ ವಿಷಯದಲ್ಲಿ ಅವನನ್ನು ನಂಬುವುದು ಕಷ್ಟ. ಸಂಗೀತದ ವಿಷಯದಲ್ಲಿ ಅವನ ಮಾತನ್ನು ತಟ್ಟೆಗಳೇ ಸಮರ್ಥಿಸುತ್ತವೆ. 1926ರಲ್ಲಿ ಇಬ್ಬರೂ ಸೇರಿ ಕೊಲಂಬಿಯಾ ಕಂಪನಿಗೆ ನುಡಿಸಿದ 'ಸ್ಟ್ರಿಂಗಿಂಗ್ ದ ಬ್ಲೂಸ್' ಕೇಳಿದರೆ, ಪಿಟೀಲು ಯಾವ ಕಡೆ ಹೊರಳಬಹುದೆಂದು ಗಿಟಾರಿಗೆ ಮೊದಲೇ ಗೊತ್ತಿದ್ದಂತೆ ಇರುತ್ತದೆ. ಅಂಥ ಹೊಂದಿಕೆ ಎರಡು ಮೂರು ತಾಲೀಮಿನಲ್ಲಿ ಬರುವಂಥದಲ್ಲ.

ಊರಿನ ಹೋಟೆಲು, ನೃತ್ಯಮಂದಿರಗಳಲ್ಲಿ ಲ್ಯಾಂಗ್ ಮೊದಲು ಪಿಟೀಲು, ಆಮೇಲೆ ಬ್ಯಾಂಜೊ, ಕೊನೆಗೆ ಗಿಟಾರ್ ನುಡಿಸಿದ. ತಿರುವು ಬಂದದ್ದು 1924ರಲ್ಲಿ. ಮೌಂಡ್ ಸಿಟಿ ಬ್ಲೂ ಬ್ಲೋವರ್ಸ್ ಎಂಬ ತಂಡ ಅವನನ್ನು ಸೇರಿಸಿಕೊಂಡಿತು. ಸೇಂಟ್ ಲೂಯಿಸ್ ಕಡೆಯಿಂದ ಬಂದ ಆ ತಂಡದ ನಾಯಕ ರೆಡ್ ಮೆಕೆಂಜಿ ಬಾಚಣಿಗೆಗೆ ತೆಳುಕಾಗದ ಸುತ್ತಿ ಊದುತ್ತಿದ್ದ. ಇನ್ನೊಬ್ಬ ಕಝೂ ಊದುತ್ತಿದ್ದ, ಮತ್ತೊಬ್ಬನದು ಬ್ಯಾಂಜೊ. ಇದನ್ನು ಒಂದು ತಮಾಷೆಯ ಮೇಳ ಎಂದು ತಳ್ಳಿಹಾಕುವುದುಂಟು. ಆದರೆ ಆ ಮೇಳದಲ್ಲಿ ಟ್ರಂಪೆಟ್ ಇರಲಿಲ್ಲ, ಟ್ರೊಂಬೋನ್ ಇರಲಿಲ್ಲ, ಡ್ರಮ್ ಇರಲಿಲ್ಲ. ಗಿಟಾರಿನಂಥ ಮೆಲುದನಿಯ ವಾದ್ಯಕ್ಕೆ ಮಾತನಾಡಲು ಜಾಗವಿದ್ದ ಜಾಝ್ ತಂಡ ಆ ಕಾಲದಲ್ಲಿ ಬೇರೆ ಎಷ್ಟಿತ್ತು? ತಂಡದ ಜೊತೆ ಲ್ಯಾಂಗ್ ಲಂಡನ್ನಿಗೂ ಹೋಗಿ ಬಂದ. 1925ರಲ್ಲಿ ಮರಳಿದ ಮೇಲೆ ನ್ಯೂಯಾರ್ಕ್ ಅವನ ಕೆಲಸದ ಊರಾಯಿತು.

1925 ಎಂಬ ಇಸವಿ ಇಲ್ಲಿ ಮುಖ್ಯ. ಅಲ್ಲಿಯವರೆಗೆ ಧ್ವನಿಮುದ್ರಣ ಎಂದರೆ ಒಂದು ದೊಡ್ಡ ಕೊಳವೆಯ ಬಾಯಿಗೆ ಮುಖಮಾಡಿ ನುಡಿಸುವುದು. ಶಬ್ದದ ಒತ್ತಡವೇ ಸೂಜಿಯನ್ನು ಅಲುಗಾಡಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಆ ಏರ್ಪಾಡಿನಲ್ಲಿ ಸುಮಾರು 250 ಹರ್ಟ್ಸ್‌ಗಿಂತ ಕೆಳಗಿನ ಧ್ವನಿ ಸರಿಯಾಗಿ ಸಿಗುತ್ತಿರಲಿಲ್ಲ, 2500ಕ್ಕಿಂತ ಮೇಲಿನದೂ ಅಷ್ಟೆ. ಗಿಟಾರಿನ ದಪ್ಪ ತಂತಿ ಮಿಡಿಯುವುದು 82 ಹರ್ಟ್ಸ್ ಆಸುಪಾಸಿನಲ್ಲಿ. ಚರ್ಮ ಬಿಗಿದ ಬ್ಯಾಂಜೊದ ಚುರುಕು ಪೆಟ್ಟು ಕೊಳವೆಯ ಮೂಲಕ ದಾಟುತ್ತಿತ್ತು, ಗಿಟಾರಿನ ಮಂದ್ರ ದಾಟುತ್ತಿರಲಿಲ್ಲ. ಹಾಗಾಗಿ ಕಂಪನಿಗಳು ಬ್ಯಾಂಜೊವನ್ನೇ ಕರೆದವು. ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆ ರೂಪಿಸಿದ ಮೈಕ್ರೋಫೋನ್ ಆಧಾರಿತ ವಿಧಾನವನ್ನು ವಿಕ್ಟರ್ ಮತ್ತು ಕೊಲಂಬಿಯಾ ಕಂಪನಿಗಳು 1925ರಲ್ಲಿ ಅಳವಡಿಸಿಕೊಂಡಾಗ ಈ ಲೆಕ್ಕಾಚಾರ ತಲೆಕೆಳಗಾಯಿತು. ಈಗ 100ರಿಂದ 5000 ಹರ್ಟ್ಸ್‌ವರೆಗೆ ಹೆಚ್ಚುಕಡಿಮೆ ಹಿಡಿಯಬಹುದಿತ್ತು. ಇನ್ನೊಂದು ಕಡೆ ಗಿಬ್ಸನ್ ಕಂಪನಿ 1922ರ ಹೊತ್ತಿಗೆ ಎಲ್-5 ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದಿತ್ತು. ಪಿಟೀಲಿನಂತೆ ಉಬ್ಬಿದ ಮೇಲುಹಲಗೆ, ಪಿಟೀಲಿನಂಥದ್ದೇ ಎರಡು ಉದ್ದ ಕಂಡಿ. ಅದರ ದನಿ ಚದರುವುದು ಕಡಿಮೆ, ಪೆಟ್ಟಿಗೆ ಪೆಟ್ಟು ಬಿಡಿಯಾಗಿ ಕೇಳುತ್ತದೆ. ಲ್ಯಾಂಗ್ ಆರಿಸಿಕೊಂಡದ್ದು ಅದನ್ನೇ. ಯಂತ್ರ, ವಾದ್ಯ, ಕೈ ಮೂರೂ ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಕೂಡಿದವು. ಲ್ಯಾಂಗ್‌ನ ಪ್ರತಿಭೆಯನ್ನಷ್ಟೇ ಹೊಗಳುವ ಬರಹಗಳು ಮೈಕ್ರೋಫೋನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದಿಲ್ಲ. ಮೈಕ್ರೋಫೋನಿನಿಂದಲೇ ಎಲ್ಲ ಆಯಿತೆನ್ನುವವರಿಗೆ, ಅದೇ ಮೈಕ್ರೋಫೋನಿನ ಮುಂದೆ ಕೂತ ಬೇರೆ ವಾದಕರು ಎರಡು ಮೂರು ವರ್ಷ ಬರೀ ತಾಳ ಕುಟ್ಟುತ್ತಿದ್ದರು ಎಂದು ನೆನಪಿಸಬೇಕು.

ಪಕ್ಕವಾದ್ಯ ಎಂದರೆ ಲ್ಯಾಂಗ್‌ಗೆ ಏನು ಎಂಬುದಕ್ಕೆ ಒಂದೇ ತಟ್ಟೆಯನ್ನು ಆರಿಸಬೇಕೆಂದರೆ ನಾನು 'ಸಿಂಗಿನ್ ದ ಬ್ಲೂಸ್' ಆರಿಸುತ್ತೇನೆ. ಓಕೆ ಕಂಪನಿಗಾಗಿ 1927ರ ಫೆಬ್ರುವರಿ 4ರಂದು ಫ್ರ್ಯಾಂಕಿ ಟ್ರಂಬಾವರ್‌ನ ತಂಡ ನುಡಿಸಿದ್ದು. ಟ್ರಂಬಾವರ್‌ನ ಸ್ಯಾಕ್ಸೊಫೋನ್ ಮತ್ತು ಬಿಕ್ಸ್ ಬೈಡರ್‌ಬೆಕ್‌ನ ಕಾರ್ನೆಟ್‌ಗಾಗಿ ಅದು ಜಾಝ್ ಚರಿತ್ರೆಯಲ್ಲಿ ಹೆಸರಾಗಿದೆ; ಗಿಟಾರಿನ ಮಾತು ಬರುವುದು ಆಮೇಲೆ. ತಂಡದ ರಚನೆಯನ್ನು ಗಮನಿಸಿ. ಕಾರ್ನೆಟ್, ಟ್ರೊಂಬೋನ್, ಕ್ಲಾರಿನೆಟ್, ಸ್ಯಾಕ್ಸೊಫೋನ್, ಪಿಯಾನೊ, ಗಿಟಾರ್, ಡ್ರಮ್. ಟ್ಯೂಬಾ ಇಲ್ಲ, ಬಾಸ್ ಇಲ್ಲ. ಬುಡದಲ್ಲಿ ಸ್ವರ ಇಡುವ ಹೊಣೆ ಪಿಯಾನೊದ ಎಡಗೈಗೆ ಮತ್ತು ಗಿಟಾರಿನ ಕೆಳತಂತಿಗಳಿಗೆ ಬಿತ್ತು. ಸ್ಯಾಕ್ಸೊಫೋನ್ ಒಂಟಿಯಾಗಿ ನುಡಿಯುವ ಮೊದಲ ಭಾಗದಲ್ಲಿ ಲ್ಯಾಂಗ್ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ಇಡಿಯಾಗಿ ಬಾರಿಸುವುದು ಕಡಿಮೆ. ಅವುಗಳನ್ನು ಬಿಡಿಸಿ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸ್ವರವಾಗಿ ಹರಿಸುತ್ತಾನೆ. ಟ್ರಂಬಾವರ್ ಉಸಿರು ತೆಗೆದುಕೊಳ್ಳುವ ಕಡೆ ಗಿಟಾರಿನ ಸಾಲೊಂದು ಮೂಡಿ, ಅವನು ಮತ್ತೆ ಎತ್ತಿಕೊಳ್ಳುವಷ್ಟರಲ್ಲಿ ದಾರಿ ಬಿಡುತ್ತದೆ. ಸ್ಯಾಕ್ಸೊಫೋನನ್ನು ಮನಸ್ಸಿನಿಂದ ಬದಿಗೆ ಸರಿಸಿ ಗಿಟಾರನ್ನೇ ಹಿಂಬಾಲಿಸಿ ಕೇಳಿದರೆ, ಅದಕ್ಕೆ ಅದರದೇ ಒಂದು ಕಥೆಯಿದೆ ಎಂದು ತಿಳಿಯುತ್ತದೆ. ಹಾಗಿದ್ದೂ ಆ ಕಥೆ ಮುಖ್ಯ ವಾದ್ಯದ ಕಾಲಿಗೆ ತೊಡರುವುದಿಲ್ಲ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಪೂರ್ತಿ ಅಪರಿಚಿತವಲ್ಲ. ಗಾಯಕರ ಬಿಡುವಿನಲ್ಲಿ ಪಿಟೀಲು ತುಂಬಿಕೊಡುವ ಕ್ರಮ ನಮಗೆ ಗೊತ್ತು. ಆದರೆ ಸಾಮ್ಯವನ್ನು ಎಳೆದಷ್ಟೂ ವ್ಯತ್ಯಾಸ ಎದ್ದು ಕಾಣುತ್ತದೆ. ನಮ್ಮ ಪಕ್ಕವಾದ್ಯದ ಪಿಟೀಲು ಗಾಯಕರ ನೆರಳಾಗಿ ಅದೇ ಸಂಚಾರವನ್ನು ಹಿಂಬಾಲಿಸುತ್ತದೆ; ಲಯದ ಹೊಣೆ ಮೃದಂಗದ್ದು, ಆಧಾರದ ಹೊಣೆ ತಂಬೂರಿಯದು. ಲ್ಯಾಂಗ್ ಒಬ್ಬನೇ ಈ ಮೂರನ್ನೂ ಹೊತ್ತಿದ್ದಾನೆ. ಅದೂ ಮುಖ್ಯ ವಾದ್ಯದ ಸಂಚಾರವನ್ನು ನಕಲು ಮಾಡದೆ, ಅದಕ್ಕೆ ಎದುರಾಗಿ ಬೇರೊಂದು ಸಾಲನ್ನು ನಿಲ್ಲಿಸಿ. ಒಂದೇ ಆವರ್ತದೊಳಗೆ ಎರಡು ಎಣಿಕೆ ಕಾರ್ಡ್, ಒಂದು ಎಣಿಕೆ ಮಂದ್ರದ ಒಂಟಿ ಸ್ವರ, ಇನ್ನೊಂದರಲ್ಲಿ ಜಾರು. ಬೇಡದ ತಂತಿಯನ್ನು ಎಡಗೈ ಬೆರಳಿನಿಂದಲೇ ಮೆಲ್ಲಗೆ ಮುಟ್ಟಿ ಮೂಕ ಮಾಡುತ್ತಾನೆ. ಹಾಗಾಗಿ ಆರು ತಂತಿ ಬಾರಿಸಿದರೂ ಬೇಕಾದ ಸ್ವರಗಳಷ್ಟೇ ಕೇಳಿಸುತ್ತವೆ.

ಅದೇ ವರ್ಷದ ಮೇ ತಿಂಗಳಲ್ಲಿ ಟ್ರಂಬಾವರ್, ಬೈಡರ್‌ಬೆಕ್, ಲ್ಯಾಂಗ್ ಮೂವರೇ ಕೂತು 'ಫಾರ್ ನೋ ರೀಸನ್ ಅಟ್ ಆಲ್ ಇನ್ ಸಿ' ನುಡಿಸಿದರು. ಬಿಕ್ಸ್ ಇಲ್ಲಿ ಹೆಚ್ಚಿನ ಹೊತ್ತು ಪಿಯಾನೊದ ಮುಂದೆ. ಡ್ರಮ್ ಇಲ್ಲ, ತಾಳ ಕೊಡುವ ಬೇರೆ ವಾದ್ಯವೇ ಇಲ್ಲ. ನಡಿಗೆ ಎಲ್ಲೂ ಕುಂಟುವುದಿಲ್ಲ. ಕಾರಣ ಗಿಟಾರ್.

ಇನ್ನು ಸಾಕ್ಷ್ಯದ ಪ್ರಶ್ನೆ. ಸೆಷನ್ ವಾದಕನ ವೃತ್ತಿಜೀವನವನ್ನು ಲೇಬಲ್ ನೋಡಿ ಕಟ್ಟಲಾಗದು. ಸೆಷನ್ನಿಗೆ ಇಷ್ಟೆಂದು ಕೂಲಿ ಪಡೆದು ಹೋಗುವವನ ಹೆಸರನ್ನು ಅಚ್ಚುಹಾಕಿಸಬೇಕಾದ ದರ್ದು ಕಂಪನಿಗೆ ಇರಲಿಲ್ಲ. 1927ರಲ್ಲಿ ಗಾಯಕಿ ಆನೆಟ್ ಹ್ಯಾನ್‌ಶಾಳ ಕೆಲವು ತಟ್ಟೆಗಳ ಮೇಲೆ ಹಿನ್ನೆಲೆಯವರನ್ನು 'ನಾಲ್ವರು ವಾದ್ಯತಾರೆಗಳು' ಎಂದಷ್ಟೇ ನಮೂದಿಸಲಾಗಿದೆ. ಆ ತಾರೆಗಳು ವೆನುಟಿ, ಲ್ಯಾಂಗ್, ಏಡ್ರಿಯನ್ ರೊಲೀನಿ ಮತ್ತು ವಿಕ್ ಬರ್ಟನ್ ಎಂಬುದನ್ನು ನಂತರದ ಸಂಗ್ರಾಹಕರು ಪತ್ತೆಮಾಡಿದರು. ಅಗ್ಗದ ತಟ್ಟೆಗಳ ಲೋಕದಲ್ಲಿ ಹಾಡಿದವರ ಹೆಸರೇ ಬದಲಾಗುತ್ತಿತ್ತು. ಇದೇ ಹ್ಯಾನ್‌ಶಾ ಹಾರ್ಮನಿ ಲೇಬಲಿನಲ್ಲಿ ಗೇ ಎಲಿಸ್ ಆಗಿದ್ದಾಳೆ. ಹೀಗಿರುವಾಗ ಪಕ್ಕದಲ್ಲಿ ಕೂತವನ ಗತಿ ಏನು!

ಇಲ್ಲಿ ನಮ್ಮ ಕಡೆಯ ಒಂದು ವಿಚಾರ ನೆನಪಾಗುತ್ತದೆ. ಲ್ಯಾಂಗ್ ಹುಟ್ಟಿದ ಮರುತಿಂಗಳು, 1902ರ ನವೆಂಬರ್‌ನಲ್ಲಿ, ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ತಮ್ಮ ಮೊದಲ ತಟ್ಟೆಗಳಿಗೆ ಹಾಡಿದರು. ಹಾಡು ಮುಗಿಯುತ್ತಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಸಾರುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರದೆಂದು ತಿಳಿಯಲಿ ಎಂಬ ಉಪಾಯ ಅದು. 1928ರಲ್ಲಿ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಗೌಹರ್ ಜಾನ್ ಅವರ ತಟ್ಟೆಗಳ ಮಟ್ಟಿಗೆ ಯಾರು ಹಾಡಿದರೆಂಬ ತಕರಾರೇ ಹುಟ್ಟದು. ಅವರ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ ನುಡಿಸಿದವರ ಕಥೆ ಮಾತ್ರ ಲ್ಯಾಂಗ್‌ನ ಕಥೆಯೇ.

ಲ್ಯಾಂಗ್‌ನ ತಟ್ಟೆಗಳನ್ನು ಗುರುತಿಸಿರುವುದು ನಾಲ್ಕು ದಾರಿಗಳಿಂದ: ಲೇಬಲ್, ಕಂಪನಿಯ ಕಡತ, ಜೊತೆಗಾರರ ನೆನಪು, ಕೇಳುಗರ ಕಿವಿ. ಜಾಝ್ ತಟ್ಟೆಗಳ ಸೂಚಿಗಳಲ್ಲಿ ಬಹುಕಾಲ ಪ್ರಮಾಣವೆನಿಸಿದ್ದು ಬ್ರಯನ್ ರಸ್ಟ್‌ನ ಕೃತಿ. ಅಂಥ ಸೂಚಿಗಳನ್ನು ಬಳಸುವಾಗ ಈ ನಾಲ್ಕೂ ದಾರಿಗಳಿಂದ ಬಂದ ಮಾಹಿತಿ ಒಂದೇ ಅಕ್ಷರದಲ್ಲಿ ಅಚ್ಚಾಗಿರುತ್ತದೆ ಎಂಬುದನ್ನು ಮರೆಯಬಾರದು. ಕಡತ ಹೇಳಿದ್ದಕ್ಕೂ ಕಿವಿ ಊಹಿಸಿದ್ದಕ್ಕೂ ಪುಟದ ಮೇಲೆ ಭೇದ ಕಾಣದು. ಲ್ಯಾಂಗ್‌ನ ವಿಷಯದಲ್ಲಿ ಕಿವಿಯ ಸಾಕ್ಷ್ಯಕ್ಕೆ ತುಸು ಹೆಚ್ಚು ಬೆಲೆ ಕೊಡಬಹುದು ಎಂದು ನನ್ನ ಅಭಿಪ್ರಾಯ, ಏಕೆಂದರೆ ಅವನ ಮೀಟಿನಲ್ಲಿ ಗುರುತುಗಳಿವೆ. ಆದರೆ 1929ರ ನಂತರದ ತಟ್ಟೆಗಳಿಗೆ ಈ ರಿಯಾಯಿತಿ ಇಲ್ಲ. ಆ ಹೊತ್ತಿಗೆ ಕಾರ್ಲ್ ಕ್ರೆಸ್, ಡಿಕ್ ಮೆಕ್‌ಡನಾ ಮುಂತಾದವರು ಅದೇ ಸ್ಟುಡಿಯೊಗಳಲ್ಲಿ ದುಡಿಯುತ್ತಿದ್ದರು, ಲ್ಯಾಂಗ್‌ನಿಂದ ಸಾಕಷ್ಟು ಕಲಿತೂ ಇದ್ದರು.

ಹೆಸರಿನ ಈ ಗೋಜಲು ಅತ್ಯಂತ ಕುತೂಹಲಕರವಾಗುವುದು 1928ರ ನವೆಂಬರ್‌ನಲ್ಲಿ. ಲ್ಯಾಂಗ್ ಮತ್ತು ಲಾನಿ ಜಾನ್ಸನ್ ಓಕೆ ಸ್ಟುಡಿಯೊದಲ್ಲಿ ಜೋಡಿಯಾಗಿ ನುಡಿಸಲು ಕೂತರು. ಜಾನ್ಸನ್ ನ್ಯೂ ಆರ್ಲಿಯನ್ಸ್‌ನ ಕಪ್ಪು ಕಲಾವಿದ. ಸೇಂಟ್ ಲೂಯಿಸ್‌ನಲ್ಲಿ ಬ್ಲೂಸ್ ಸ್ಪರ್ಧೆ ಗೆದ್ದು 1925ರಲ್ಲಿ ಓಕೆ ಕಂಪನಿಗೆ ಬಂದವನು. ಲೂಯಿ ಆರ್ಮ್‌ಸ್ಟ್ರಾಂಗ್‌ನ ಹಾಟ್ ಫೈವ್ ತಂಡದ ಜೊತೆ 1927ರಲ್ಲಿ, ಡ್ಯೂಕ್ ಎಲಿಂಗ್ಟನ್ ಜೊತೆ 1928ರಲ್ಲಿ ನುಡಿಸಿಯೂ ಆಗಿತ್ತು. ಅಮೆರಿಕದ ತಟ್ಟೆ ಕಂಪನಿಗಳು ಆಗ ಕಪ್ಪು ಜನರಿಗೆ ಮಾರುವ ತಟ್ಟೆಗಳಿಗೆ ಬೇರೆ ಸರಣಿ, ಬೇರೆ ಸಂಖ್ಯೆ, ಬೇರೆ ಜಾಹೀರಾತು ಇಟ್ಟಿದ್ದವು. 'ರೇಸ್ ರೆಕಾರ್ಡ್ಸ್' ಎಂದೇ ಅವುಗಳ ಹೆಸರು. ಓಕೆಯಲ್ಲಿ ಅದು 8000ದಿಂದ ಶುರುವಾಗುವ ಸರಣಿ. ಬಿಳಿಯ ಗಿಟಾರುಗಾರನ ಹೆಸರು ಆ ಸರಣಿಯಲ್ಲಿ ಅಚ್ಚಾಗುವಂತಿರಲಿಲ್ಲ. ಲೇಬಲಿನ ಮೇಲೆ ಲ್ಯಾಂಗ್ 'ಬ್ಲೈಂಡ್ ವಿಲ್ಲಿ ಡನ್' ಆದ.

ಹೆಸರಿನ ಆಯ್ಕೆಯಲ್ಲಿ ಮಾರುಕಟ್ಟೆಯ ಕೈವಾಡ ಎದ್ದು ಕಾಣುತ್ತದೆ. ಬ್ಲೈಂಡ್ ಲೆಮನ್ ಜೆಫರ್ಸನ್, ಬ್ಲೈಂಡ್ ಬ್ಲೇಕ್, ಬ್ಲೈಂಡ್ ವಿಲ್ಲಿ ಜಾನ್ಸನ್, ಬ್ಲೈಂಡ್ ವಿಲ್ಲಿ ಮೆಕ್‌ಟೆಲ್ ಇವರೆಲ್ಲ 1926-27ರ ಹೊತ್ತಿಗೆ ತಟ್ಟೆಗೆ ಬಂದಿದ್ದ ಅಂಧ ಕಲಾವಿದರು. ಅವರ ಗಿಟಾರಿಗೆ ಗಿರಾಕಿಗಳಿದ್ದರು. ಲ್ಯಾಂಗ್‌ನ ಕಣ್ಣಿಗೆ ಏನೂ ಆಗಿರಲಿಲ್ಲ. ಬ್ಲೈಂಡ್ ವಿಲ್ಲಿ ಡನ್ ಎಂಬುದನ್ನು ಒಂದು ತಮಾಷೆಯ ಅಡ್ಡಹೆಸರಿನಂತೆ ಹೇಳಿ ನಗುವ ರೂಢಿ ಜಾಝ್ ಬರಹಗಳಲ್ಲಿದೆ. ನನಗೆ ಅದರಲ್ಲಿ ನಗು ಬರುವುದಿಲ್ಲ. ಬಿಳಿಯ ವಾದಕ ಬೇಕೆಂದಾಗ ಕಪ್ಪು ಹೆಸರು ಹಾಕಿಕೊಂಡು ಆಚೆಗೆ ದಾಟಬಹುದಿತ್ತು. ಜಾನ್ಸನ್‌ಗೆ ಬಿಳಿಯ ಹೆಸರಿನಲ್ಲಿ ಈಚೆಗೆ ದಾಟುವ ಬಾಗಿಲು ಇರಲಿಲ್ಲ. ಬಿಳಿಯರದೇ ಆದ ಪಾಲ್ ವೈಟ್‌ಮನ್‌ನ ವಾದ್ಯವೃಂದದಲ್ಲಿ ಕೂರುವ ಅವಕಾಶ ಅವನ ಕೌಶಲಕ್ಕೆ ತೆರೆದಿರಲಿಲ್ಲ.

1928ರ ನವೆಂಬರ್, 1929ರ ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಈ ಜೋಡಿ ನುಡಿಸಿದ್ದರಲ್ಲಿ ಹತ್ತು ತಟ್ಟೆಮುಖಗಳು ಉಳಿದಿವೆ. 'ಟೂ ಟೋನ್ ಸ್ಟಾಂಪ್', 'ಎ ಹ್ಯಾಂಡ್‌ಫುಲ್ ಆಫ್ ರಿಫ್ಸ್', 'ಬುಲ್ ಫ್ರಾಗ್ ಮೋನ್', 'ಹಾಟ್ ಫಿಂಗರ್ಸ್' ಅವುಗಳಲ್ಲಿ ಕೆಲವು. ನನ್ನ ವಾದಕ್ಕೆ ಇವು ಅತಿ ಬಲವಾದ ಆಧಾರ. ಏಕೆಂದರೆ ಇಲ್ಲಿ ಎರಡೂ ವಾದ್ಯ ಗಿಟಾರೇ. ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ವಾದ್ಯ ತೀರ್ಮಾನಿಸದು, ವಾದಕರೇ ತೀರ್ಮಾನಿಸಬೇಕು. ಹೆಚ್ಚಿನ ಕಡೆ ಜಾನ್ಸನ್ ಮೇಲಿನ ತಂತಿಗಳಲ್ಲಿ ಹಾಡುತ್ತಾನೆ, ಲ್ಯಾಂಗ್ ಕೆಳಗೆ ನಡಿಗೆ ಹಾಕುತ್ತಾನೆ. 'ಹ್ಯಾಂಡ್‌ಫುಲ್ ಆಫ್ ರಿಫ್ಸ್'ನ ಓಟದಲ್ಲಿ ಮಂದ್ರದ ಸಾಲು ಒಮ್ಮೆಯೂ ಉಸಿರುಗಟ್ಟದೆ ಸಾಗುವುದನ್ನು ಕೇಳಬೇಕು. ಆ ಹೊತ್ತಿಗೆ ಅಮೆರಿಕದ ಅತ್ಯಂತ ಬೇಡಿಕೆಯ ಗಿಟಾರುಗಾರನಾಗಿದ್ದವನು, ತನ್ನ ಸರಿಸಮನೊಬ್ಬ ಎದುರು ಕೂತಾಗ, ಪಕ್ಕವಾದ್ಯದ ಜಾಗವನ್ನು ತಾನೇ ಆರಿಸಿಕೊಂಡ. ಲ್ಯಾಂಗ್‌ನ ಲಯ ಮತ್ತು ಮಂದ್ರ ಪಿಯಾನೊ ನುಡಿಸಿದಂತೆ ಇರುತ್ತಿತ್ತು ಎಂದು ಜಾನ್ಸನ್ ಮುಂದೆ ಸ್ಮರಿಸಿದ. ಆ ಸೆಷನ್‌ಗಳನ್ನು ತನ್ನ ಬದುಕಿನ ಒಳ್ಳೆಯ ದಿನಗಳಲ್ಲಿ ಎಣಿಸಿದ.

ಗಡಿ ದಾಟಿದ ಬೇರೆ ಸೆಷನ್‌ಗಳೂ ಇವೆ. 1929ರ ಮಾರ್ಚ್ 5ರಂದು ಆರ್ಮ್‌ಸ್ಟ್ರಾಂಗ್‌ನ ಹೆಸರಿನಲ್ಲಿ ನುಡಿಸಿದ 'ನಾಕಿನ್ ಎ ಜಗ್'ನಲ್ಲಿ ಕಪ್ಪು, ಬಿಳಿ ವಾದಕರು ಒಟ್ಟಿಗೆ ಕೂತರು. ಟ್ರೊಂಬೋನ್ ಜ್ಯಾಕ್ ಟೀಗಾರ್ಡನ್‌ನದು, ಪಿಯಾನೊ ಜೋ ಸಲಿವನ್‌ನದು, ಗಿಟಾರ್ ಲ್ಯಾಂಗ್‌ನದು. ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಳಿಗ್ಗೆ ನೇರ ಸ್ಟುಡಿಯೊಗೆ ಬಂದರೆಂಬುದು ಅಲ್ಲಿದ್ದವರ ಹೇಳಿಕೆ. ತಟ್ಟೆ ಹೊರಬಂದದ್ದು ಅದೇ 8000ದ ಸರಣಿಯಲ್ಲಿ. ಏಪ್ರಿಲ್‌ನಲ್ಲಿ ಬ್ಲೈಂಡ್ ವಿಲ್ಲಿ ಡನ್ ಹೆಸರಿಗೇ ಒಂದು ತಂಡ ಹುಟ್ಟಿತು, 'ಜಿನ್ ಬಾಟಲ್ ಫೋರ್' ಎಂದು. ಅದರ ಕಾರ್ನೆಟ್ ಕಿಂಗ್ ಆಲಿವರ್‌ನದೆಂದು ಸೂಚಿಗಳು ಹೇಳುತ್ತವೆ, ಒಪ್ಪದವರೂ ಇದ್ದಾರೆ. ಕಿವಿಯ ಸಾಕ್ಷ್ಯದ ಮಿತಿಗೆ ಇದೇ ಉದಾಹರಣೆ. ಮೇ ತಿಂಗಳಲ್ಲಿ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ 'ಕಿಚನ್ ಮ್ಯಾನ್' ಹಾಡಿದಾಗ ಪಿಯಾನೊದಲ್ಲಿ ಕ್ಲಾರೆನ್ಸ್ ವಿಲಿಯಮ್ಸ್, ಗಿಟಾರಿನಲ್ಲಿ ಲ್ಯಾಂಗ್. ಬೆಸ್ಸಿಯ ಕಂಠದ ಎದುರು ಯಾವ ವಾದ್ಯವೂ ಸಣ್ಣದಾಗುತ್ತದೆ. ಲ್ಯಾಂಗ್ ಸ್ಪರ್ಧೆಗೆ ಇಳಿಯದೆ, ಅವಳ ಸಾಲು ಮುಗಿಯುವ ಜಾಗಗಳನ್ನಷ್ಟೇ ನೋಡಿಕೊಳ್ಳುತ್ತಾನೆ.

ಅವನ ಒಂಟಿ ತಟ್ಟೆಗಳ ಬಗ್ಗೆ ಹೇಳದೆ ಹೋದರೆ ಅನ್ಯಾಯವಾದೀತು. 1927ರ ಏಪ್ರಿಲ್‌ನ 'ಎಡ್ಡೀಸ್ ಟ್ವಿಸ್ಟರ್' ಮೊದಲನೆಯದು. ಅದರ ಹಿಂದೆಯೇ ರಷ್ಯಾದ ರಾಖ್ಮನಿನಾಫ್ ಪಿಯಾನೊಗೆಂದು ಬರೆದ ಪ್ರಸಿದ್ಧ ಪ್ರೆಲ್ಯೂಡ್ ಒಂದನ್ನೂ ಗಿಟಾರಿಗೆ ಇಳಿಸಿದ. ಕೈಚಳಕ ಅಸಾಧಾರಣ. ಆದರೂ ಈ ತಟ್ಟೆಗಳಲ್ಲಿ ನನಗೆ ಕೇಳಿಸುವುದು ಪರೀಕ್ಷೆಗೆ ಕೂತ ಉತ್ತಮ ವಿದ್ಯಾರ್ಥಿ. ಮಾತಿಗೆ ಎದುರು ಮಾತು ಸಿಕ್ಕಾಗಲೇ ಅವನ ಗಿಟಾರ್ ಕಳೆಗಟ್ಟುವುದು. ವೆನುಟಿಯ ಬ್ಲೂ ಫೋರ್ ತಂಡದ ಸಾಧಾರಣ ತಟ್ಟೆಯೊಂದನ್ನು ಈ ಒಂಟಿ ತಟ್ಟೆಗಳ ಪಕ್ಕದಲ್ಲಿ ಇಟ್ಟು ಕೇಳಿದರೂ ಸಾಕು.

1929ರಲ್ಲಿ ವೆನುಟಿ, ಲ್ಯಾಂಗ್ ಇಬ್ಬರೂ ಪಾಲ್ ವೈಟ್‌ಮನ್‌ನ ದೊಡ್ಡ ವಾದ್ಯವೃಂದ ಸೇರಿದರು. ಯೂನಿವರ್ಸಲ್ ಸಂಸ್ಥೆ 1930ರಲ್ಲಿ ಬಿಡುಗಡೆ ಮಾಡಿದ 'ಕಿಂಗ್ ಆಫ್ ಜಾಝ್' ಬಣ್ಣದ ಚಿತ್ರದಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಕಾಣಿಸಿಕೊಳ್ಳುತ್ತಾರೆ. ಎಷ್ಟೇ ತೊಡಕಿನ ರಚನೆಯಾದರೂ ಲ್ಯಾಂಗ್ ಹಾಳೆ ನೋಡದೆ ಮೊದಲ ಸಲಕ್ಕೇ ತಪ್ಪಿಲ್ಲದೆ ನುಡಿಸುತ್ತಿದ್ದ ಎಂದು ವೈಟ್‌ಮನ್ ಹೇಳಿದ್ದಾನೆ. ಇಡೀ ವಾದ್ಯವೃಂದದ ರಚನೆಗಳ ಗಿಟಾರ್ ಭಾಗ ಅವನ ಜೇಬಿನ ಒಂದು ಸಣ್ಣ ಚೀಟಿಯಲ್ಲಿ ಇರುತ್ತಿತ್ತು ಎಂಬ ಕಥೆಯೂ ಬಾಯಿಂದ ಬಾಯಿಗೆ ಬಂದಿದೆ. ಇದನ್ನು ಕೆಲವರು ಅವನಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ ಎಂಬುದಕ್ಕೆ ಆಧಾರವಾಗಿ ಬಳಸುತ್ತಾರೆ. ಚಿಕ್ಕಂದಿನಿಂದ ಪಿಟೀಲು ಕಲಿತು, ಸ್ವರ ಹೇಳಿ ಅಭ್ಯಾಸ ಮಾಡಿದವನ ಬಗ್ಗೆ ಈ ನಿರ್ಣಯ ಆತುರದ್ದು. ವಾದ್ಯವೃಂದಗಳಲ್ಲಿ ಆಗ ಗಿಟಾರಿಗೆಂದು ಬರೆದುಕೊಡುತ್ತಿದ್ದುದು ಬಹುತೇಕ ಬ್ಯಾಂಜೊದ ತಾಳದ ಭಾಗವನ್ನೇ. ಅವನು ನುಡಿಸುತ್ತಿದ್ದದ್ದು ಅದಲ್ಲವಾದ್ದರಿಂದ ಓದಲು ಅಲ್ಲಿ ಹೆಚ್ಚೇನೂ ಇರಲಿಲ್ಲ.

ವೈಟ್‌ಮನ್‌ನ ಗಾಯಕರ ಗುಂಪಿನಲ್ಲಿದ್ದ ಬಿಂಗ್ ಕ್ರಾಸ್ಬಿ ಮುಂದೆ ರೇಡಿಯೊದಲ್ಲಿ ದೊಡ್ಡ ಹೆಸರಾದಾಗ ಲ್ಯಾಂಗ್‌ನನ್ನು ತನ್ನ ಕಾಯಂ ಪಕ್ಕವಾದ್ಯದವನಾಗಿ ಇಟ್ಟುಕೊಂಡ. ಕ್ರಾಸ್ಬಿಯ ಗಾಯನಕ್ಕೂ ಲ್ಯಾಂಗ್‌ನ ಗಿಟಾರಿಗೂ ಆಧಾರ ಒಂದೇ, ಅದು ಮೈಕ್ರೋಫೋನ್. ಸಭಾಂಗಣದ ಕೊನೆಗೆ ಮುಟ್ಟುವಂತೆ ಕೂಗಿ ಹಾಡಬೇಕಿಲ್ಲ ಎಂದಾದ ಮೇಲೆ ಹುಟ್ಟಿದ ಗಾಯನಕ್ರಮ ಅದು. ಪಕ್ಕದಲ್ಲಿ ಒಂದು ಗಿಟಾರಿದ್ದರೂ ಸಾಲುತ್ತಿತ್ತು. ಪ್ಯಾರಮೌಂಟ್‌ನ 'ದ ಬಿಗ್ ಬ್ರಾಡ್‌ಕಾಸ್ಟ್' (1932) ಚಿತ್ರದಲ್ಲಿ ಕ್ರಾಸ್ಬಿ 'ಪ್ಲೀಸ್' ಹಾಡುವಾಗ ಲ್ಯಾಂಗ್ ಪಕ್ಕದಲ್ಲಿ ಕೂತು ನುಡಿಸುವುದನ್ನು ನೋಡಬಹುದು.

ಲ್ಯಾಂಗ್‌ಗೆ ಗಂಟಲಿನ ತೊಂದರೆಯಿತ್ತು, ದನಿ ಒರಟಾಗಿತ್ತು. ಟಾನ್ಸಿಲ್ ತೆಗೆಸಲು ಕ್ರಾಸ್ಬಿ ಒತ್ತಾಯಿಸಿದ. ಚಿತ್ರಗಳಲ್ಲಿ ಗೆಳೆಯನಿಗೆ ಮಾತಿನ ಪಾತ್ರ ಸಿಗಲಿ ಎಂಬ ಆಸೆಯೂ ಅದರಲ್ಲಿತ್ತು. ಆ ಶಸ್ತ್ರಚಿಕಿತ್ಸೆಯ ತೊಡಕುಗಳಿಂದ 1933ರ ಮಾರ್ಚ್ 26ರಂದು ನ್ಯೂಯಾರ್ಕಿನಲ್ಲಿ ಲ್ಯಾಂಗ್ ತೀರಿಕೊಂಡ. ಮೂವತ್ತು ವರ್ಷ.

ಅವನ ನಂತರ ಏನಾಯಿತೆಂಬುದನ್ನು ಸಾಮಾನ್ಯವಾಗಿ ಜಾಂಗೊ ರೈನ್‌ಹಾರ್ಟ್‌ನಿಂದ ಶುರುಮಾಡುತ್ತಾರೆ. 1934ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ, ಅವನು ಗಿಟಾರ್ ನುಡಿಸಿದ ಹಾಟ್ ಕ್ಲಬ್ ಪಂಚಕದ ಗಿಟಾರ್-ಪಿಟೀಲು ಜೋಡಿಗೆ ವೆನುಟಿ-ಲ್ಯಾಂಗ್ ತಟ್ಟೆಗಳು ಮಾದರಿಯಾಗಿದ್ದವು, ನಿಜ. ಆದರೆ ಜಾಂಗೊ ಮುಂದೆ ಬಂದು ನುಡಿಸುವವನು. ಅವನ ಹಿಂದೆ ತಾಳ ಹಾಕಲು ಬೇರೆ ಇಬ್ಬರು ಗಿಟಾರುಗಾರರು ಬೇಕಾದರು. ಅಮೆರಿಕದಲ್ಲೂ ಲ್ಯಾಂಗ್‌ನ ಕೈಯಲ್ಲಿ ಒಂದಾಗಿದ್ದ ಕೆಲಸ ಎರಡಾಗಿ ಸೀಳಿತು. 1937ರಲ್ಲಿ ಕೌಂಟ್ ಬೇಸಿಯ ವೃಂದ ಸೇರಿದ ಫ್ರೆಡ್ಡಿ ಗ್ರೀನ್ ನಾಲ್ಕು ಎಣಿಕೆಗೆ ನಾಲ್ಕು ಪೆಟ್ಟು ಹಾಕುತ್ತ ಅರ್ಧ ಶತಮಾನ ಕಳೆದ. 1939ರಲ್ಲಿ ಬೆನ್ನಿ ಗುಡ್‌ಮನ್ ಕರೆತಂದ ಚಾರ್ಲಿ ಕ್ರಿಶ್ಚಿಯನ್ ವಿದ್ಯುತ್ ಗಿಟಾರಿನಲ್ಲಿ ಸ್ಯಾಕ್ಸೊಫೋನಿನಂಥ ಒಂಟಿ ಸಾಲು ಹರಿಸಿದ. ಇದೇ ಗುಡ್‌ಮನ್ 1931ರ ಅಕ್ಟೋಬರ್‌ನಲ್ಲಿ ವೆನುಟಿ-ಲ್ಯಾಂಗ್ ಹೆಸರಿನ ತಂಡದಲ್ಲಿ ಕ್ಲಾರಿನೆಟ್ ಊದಿದ್ದವನು. ಜಾಝ್ ಗಿಟಾರಿನ ಚರಿತ್ರೆ ಕ್ರಿಶ್ಚಿಯನ್‌ನ ದಾರಿಯನ್ನು ಹಿಡಿದು ಬರೆದದ್ದಾದ್ದರಿಂದ, ಲ್ಯಾಂಗ್ ಅಲ್ಲಿ ಒಂಟಿ ಸಾಲಿನ ಪೂರ್ವಜನಾಗಿ ಮಾತ್ರ ಉಳಿದ.

ಲ್ಯಾಂಗ್‌ನಲ್ಲಿ ಕೂಡಿದ್ದ ಆ ಕ್ರಮವನ್ನು ಕೂಡಿದ್ದಂತೆಯೇ ಮುಂದುವರಿಸಿದವರನ್ನು ಹುಡುಕಿದರೆ ಮೊದಲು ಸಿಗುವವನು ಕಾರ್ಲ್ ಕ್ರೆಸ್. 1932ರ ಜನವರಿಯಲ್ಲಿ ಲ್ಯಾಂಗ್ ಜೊತೆ 'ಪಿಕಿನ್ ಮೈ ವೇ', 'ಫೀಲಿಂಗ್ ಮೈ ವೇ' ನುಡಿಸಿದ. ಮಂದ್ರ ಇನ್ನೂ ಕೆಳಗಿಳಿಯಲೆಂದು ತನ್ನ ಗಿಟಾರಿನ ಶ್ರುತಿಯನ್ನೇ ಬೇರೆ ಮಾಡಿಕೊಂಡಿದ್ದವನು ಅವನು. ಇನ್ನೊಬ್ಬ ಜಾರ್ಜ್ ವ್ಯಾನ್ ಎಪ್ಸ್. ಅವನ ತಂದೆ ಫ್ರೆಡ್ ವ್ಯಾನ್ ಎಪ್ಸ್, ಕೊಳವೆಯ ಕಾಲದಲ್ಲಿ ತಟ್ಟೆಗಳಿಂದಲೇ ಹೆಸರಾದ ಬ್ಯಾಂಜೊ ವಾದಕ. ಮಗನೂ ಬ್ಯಾಂಜೊ ಹಿಡಿದೇ ಬೆಳೆದ. ಲ್ಯಾಂಗ್‌ನನ್ನು ಕೇಳಿದ ಮೇಲೆ ಗಿಟಾರಿಗೆ ಬದಲಾಯಿಸಿದ. 1930ರ ದಶಕದ ಕೊನೆಯಲ್ಲಿ ಎಪಿಫೋನ್ ಕಂಪನಿಯಿಂದ ಏಳು ತಂತಿಯ ಗಿಟಾರ್ ಮಾಡಿಸಿಕೊಂಡ. ಏಳನೆಯ ತಂತಿಯನ್ನು ಬಿಗಿಸಿದ್ದು ಕೆಳಗಡೆ, ಮಂದ್ರದ ಸಾಲಿಗಾಗಿ.